ಎಂಟು ಕಿಲೋಮೀಟರ್ ದಾರಿಗೆ ಯಾವುದು ಮೇಲು: ಸ್ಕೂಟರೋ, ಇ-ಸೈಕಲ್ಲೋ, ಬಸ್ಸೋ?

ನಗರದೊಳಗೆ ಒಂದೇ ದಾರಿ, ಒಬ್ಬನೇ ಸವಾರ, ಎಂಟು ಕಿಲೋಮೀಟರ್. ಯಾವ ವಾಹನದಲ್ಲಿ ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ ಎಂದು ಅಳೆದು ನೋಡಿದೆವು. ಪೆಟ್ರೋಲಿಗೆ ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ಅದೇ ಮಟ್ಟಕ್ಕೆ ತುಂಬಿಸುವ ಹಳೆಯ ಪದ್ಧತಿಯೇ ಸಾಕು. ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಡಿಸ್‌ಪ್ಲೇ ನಂಬಬೇಡಿ. ಅದು ತೋರಿಸುವುದು ಬ್ಯಾಟರಿಯಿಂದ ಹೊರಟದ್ದನ್ನಷ್ಟೇ. ಚಾರ್ಜಿಂಗ್‌ನಲ್ಲಿ ಬಿಸಿಯಾಗಿ ಹೋಗುವ ಶೇ. 10-15ರಷ್ಟೂ ಲೆಕ್ಕಕ್ಕೆ ಸಿಗಬೇಕಾದರೆ ಗೋಡೆಯ ಪ್ಲಗ್ಗಿಗೇ ಮೀಟರ್ ಹಾಕಬೇಕು.

ಪೆಟ್ರೋಲ್ ಸ್ಕೂಟರ್ ಲೀಟರಿಗೆ 45 ಕಿ.ಮೀ. ಕೊಟ್ಟಿತು. ಒಂದು ಲೀಟರ್ ಉರಿದರೆ ಸುಮಾರು 2.3 ಕೆ.ಜಿ., ಅಂದರೆ ಈ ದಾರಿಗೆ 410 ಗ್ರಾಂ. ಎಂಜಿನ್ ತಣ್ಣಗಿರುವಾಗ ಪೆಟ್ರೋಲ್ ಹೆಚ್ಚು ಕುಡಿಯುವುದರಿಂದ ದಾರಿ ಇನ್ನೂ ಚಿಕ್ಕದಾದಷ್ಟೂ ಕಿಲೋಮೀಟರಿಗೆ ಬೀಳುವ ಲೆಕ್ಕ ಏರುತ್ತದೆ.

ಎಲೆಕ್ಟ್ರಿಕ್ ಸ್ಕೂಟರಿಗೆ ಬೇಕಾದದ್ದು 0.28 ಯೂನಿಟ್. ಯೂನಿಟ್ಟಿಗೆ 0.7 ಕೆ.ಜಿ. ಉಗುಳುವ, ಕಲ್ಲಿದ್ದಲನ್ನೇ ಹೆಚ್ಚು ನಂಬಿದ ವಿದ್ಯುತ್ ಜಾಲದಲ್ಲಿ ಇದು ಸುಮಾರು 200 ಗ್ರಾಂ. ಅರ್ಧಕ್ಕೆ ಇಳಿಯಿತು, ಸೊನ್ನೆಯಾಗಲಿಲ್ಲ. ಜಲವಿದ್ಯುತ್ತೇ ಪ್ರಧಾನವಾದ ಕಡೆ ಇದರ ಒಂದು ಸಣ್ಣ ಪಾಲಷ್ಟೇ. ಹಿಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸಿ ನೋಡಿ: ಗರಗರ ಸದ್ದು ಮಾಡಿ ತಟ್ಟನೆ ನಿಂತರೆ ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ, ಅಷ್ಟೂ ಚಾರ್ಜ್ ಅಲ್ಲೇ ಸೋರುತ್ತಿರುತ್ತದೆ. ಗಾಳಿ ಕಡಿಮೆಯಾದ ಟೈರಿನದೂ ಇದೇ ಕಥೆ. ಒತ್ತಡವನ್ನು ಟೈರ್ ತಣ್ಣಗಿರುವಾಗಲೇ ನೋಡಬೇಕು.

ನಮ್ಮ ಮೆಚ್ಚುಗೆ ಇ-ಸೈಕಲ್ಲಿಗೆ. ಪೆಡಲ್ ತುಳಿಯುತ್ತಾ ಹೋದರೆ ಕಿಲೋಮೀಟರಿಗೆ 10 ವಾಟ್-ಗಂಟೆ (0.01 ಯೂನಿಟ್) ಸಾಕು. ಅದೇ ಕೊಳಕು ವಿದ್ಯುತ್ತಿನಲ್ಲೂ ಇಡೀ ದಾರಿಗೆ 56 ಗ್ರಾಂ. ಬರೀ ಥ್ರಾಟಲ್ ತಿರುಗಿಸಿ ಕೂತರೆ ಈ ಲೆಕ್ಕ ಉಳಿಯುವುದಿಲ್ಲ. ಸಿಗ್ನಲ್‌ನಲ್ಲಿ ನಿಲ್ಲುವ ಮುಂಚೆ, ಚಕ್ರ ಇನ್ನೂ ಉರುಳುತ್ತಿರುವಾಗಲೇ, ಹಗುರ ಗೇರಿಗೆ ಬನ್ನಿ. ಭಾರದ ಗೇರಿನಲ್ಲಿ ಹೊರಟರೆ ಮೋಟರ್ ಒಮ್ಮೆಲೇ ಕರೆಂಟ್ ಎಳೆಯುತ್ತದೆ, ಚೈನೂ ಬೇಗ ಸವೆಯುತ್ತದೆ.

ಬಸ್ಸಿನ ಲೆಕ್ಕ ಜನರ ಮೇಲೆ ನಿಂತಿದೆ. ಲೀಟರ್ ಡೀಸೆಲ್‌ಗೆ 2.7 ಕೆ.ಜಿ., 4 ಕಿ.ಮೀ. ಎಂದಿಟ್ಟುಕೊಂಡರೆ 40 ಜನರಿದ್ದಾಗ ತಲೆಗೆ 135 ಗ್ರಾಂ. ಎಂಟೇ ಜನರಿದ್ದರೆ 675, ಪೆಟ್ರೋಲ್ ಸ್ಕೂಟರಿಗಿಂತ ಹೆಚ್ಚು! ಆದರೂ ಖಾಲಿ ಬಸ್ ಕಂಡು ಸ್ಕೂಟರ್ ಹತ್ತಬೇಡಿ. ಹೇಗೂ ಓಡುವ ಬಸ್ಸಿಗೆ ನೀವೊಬ್ಬರು ಹತ್ತಿದರೆ ಹೆಚ್ಚಾಗುವ ಡೀಸೆಲ್ ಇಲ್ಲವೆನ್ನುವಷ್ಟು ಕಡಿಮೆ.

ವಾಹನ, ಬ್ಯಾಟರಿ ತಯಾರಿಕೆಯ ಇಂಗಾಲ ಇಲ್ಲಿ ಸೇರಿಲ್ಲ. ಹೊಸದನ್ನು ಕೊಂಡರೆ ಅದೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ತಿಂಗಳಿಗೆ ನಾಲ್ಕು ದಿನ ಮಾತ್ರ ಹೊರಡುವ ಪೆಟ್ರೋಲ್ ಸ್ಕೂಟರ್ ಇದ್ದರೆ ಅದನ್ನೇ ಇಟ್ಟುಕೊಳ್ಳಿ, ಆ ನಾಲ್ಕು ದಿನವೂ ಬಸ್ ಹತ್ತಲು ನೋಡಿ.