ಲಿಮುರುವಿನ ಮಾಮಾ ತರಕಾರಿ ಅಂಗಡಿ: ಐದರಲ್ಲಿ ನಾಲ್ಕು

ಅಂಗಡಿಗೆ ಬೋರ್ಡಿಲ್ಲ, ಹೆಸರೂ ಇಲ್ಲ. ನಾಲ್ಕು ಮರದ ಕಂಬ, ಮೇಲೆ ತುಕ್ಕು ಹಿಡಿದ ತಗಡು, ಮುಂದೆ ಇಳಿಜಾರಾಗಿ ಇಟ್ಟ ಹಲಗೆ. ಹಲಗೆಯ ಮೇಲೆ ಟೊಮೆಟೊ ನಾಲ್ಕು ನಾಲ್ಕರ ಗುಡ್ಡೆ, ಪಕ್ಕದಲ್ಲಿ ಈರುಳ್ಳಿ, ಬೆಣ್ಣೆಹಣ್ಣು, ಕೆಳಗೆ ಗೋಣಿಯಲ್ಲಿ ಆಲೂಗಡ್ಡೆ. ಕೀನ್ಯಾದಲ್ಲಿ ಇಂಥ ಅಂಗಡಿಯ ಹೆಂಗಸಿಗೆ ಮಾಮಾ ಮ್ಬೋಗಾ ಅನ್ನುತ್ತಾರೆ. ಮ್ಬೋಗಾ ಅಂದರೆ ತರಕಾರಿ, ಮಾಮಾ ಅಂದರೆ ಅಮ್ಮ. ಹೆಂಗಸೊಬ್ಬಳನ್ನು ಮಾಮಾ ಅಂತ ಕೂಗಲು ನಮ್ಮ ಮನೆಯವರಿಗೆ ಎರಡು ವಾರ ಬಾಯಿಯೇ ಬರಲಿಲ್ಲ.

ಲಿಮುರು ಇರುವುದು ನೈರೋಬಿಯಿಂದ ಮೇಲಕ್ಕೆ, ಚಹಾ ತೋಟಗಳ ನಡುವೆ. ಇಲ್ಲಿಗೆ ಬಂದು ಹದಿನಾಲ್ಕು ತಿಂಗಳಾಯಿತು. ಇವರು ಮಂಗಳೂರಿನಲ್ಲಿ ಬ್ಯಾಂಕಿನಲ್ಲಿದ್ದವರು, ನಾನು ಹೈಸ್ಕೂಲು ಟೀಚರ್. ಇಬ್ಬರೂ ರಿಟೈರ್ ಆಗಿ, ಮಕ್ಕಳ ಮದುವೆ ಮುಗಿಸಿ, ನಮ್ಮ ಚರ್ಚಿನ ಸಭೆಯ ಮೂಲಕ ಎರಡು ವರ್ಷದ ಸೇವೆಗೆ ಬಂದೆವು. ಮಿಶನರಿ ಅಂದ ಕೂಡಲೇ ಜನ ಏನೇನೋ ಅಂದುಕೊಳ್ಳುತ್ತಾರೆ. ನಮ್ಮ ಸೇವೆಯಲ್ಲಿ ಜಾಸ್ತಿ ಇರುವುದು ರಸೀದಿ ಪುಸ್ತಕ ಮತ್ತು ಬೈಂಡು ಕಿತ್ತುಹೋದ ಪುಸ್ತಕ. ಇವರು ಒಂದು ಬೈಬಲ್ ಶಾಲೆಯ ಲೆಕ್ಕ ಬರೆಯುತ್ತಾರೆ. ನಾನು ಅದೇ ಶಾಲೆಯ ಲೈಬ್ರರಿಯಲ್ಲಿ ಕೂರುತ್ತೇನೆ, ವಾರಕ್ಕೆ ಎರಡು ಮಧ್ಯಾಹ್ನ ಹೆಂಗಸರಿಗೆ ಹೊಲಿಗೆ ಹೇಳಿಕೊಡುತ್ತೇನೆ. ಉಳಿದ ಹೊತ್ತೆಲ್ಲಾ ಅಡುಗೆ, ಪಾತ್ರೆ, ಬಟ್ಟೆ, ಬಿಪಿ ಮಾತ್ರೆ. ಹಾಗಾಗಿ ಈ ವಯಸ್ಸಿನಲ್ಲಿ ಇಂಥ ಊರಿಗೆ ಬರುವವರಿಗೆ ಎಲ್ಲಕ್ಕಿಂತ ಮೊದಲು ಬೇಕಾದ ಮಾಹಿತಿ ತರಕಾರಿ ಎಲ್ಲಿ ಸಿಗುತ್ತದೆ ಅನ್ನುವುದು. ಅದನ್ನು ಯಾರೂ ಬರೆದಿರಲಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಮೊದಲು ಸೊಪ್ಪಿನ ವಿಷಯ, ಈ ಅಂಗಡಿಯ ಜೀವವೇ ಅದು. ಸುಕುಮಾ ವಿಕಿ ಅನ್ನುವ ದಪ್ಪ ಹಸಿರೆಲೆ ಇಲ್ಲಿ ಎಲ್ಲರ ಮನೆಯಲ್ಲೂ ದಿನಾ ಬೇಯುತ್ತದೆ. ಹೆಸರಿನ ಅರ್ಥ 'ವಾರ ತಳ್ಳು'. ಸಂಬಳದ ಹಣ ಮುಗಿದ ಮೇಲೂ ವಾರ ದೂಡಿಸುವ ಸೊಪ್ಪು ಅಂತ. ಬ್ಯಾಂಕಿನಲ್ಲಿ ತಿಂಗಳ ಕೊನೆ ನೋಡಿದವರಾದ್ದರಿಂದ ಇವರಿಗೆ ಆ ಹೆಸರು ಭಾರೀ ಇಷ್ಟವಾಯಿತು. ಆದರೆ ನನಗೆ ಖುಷಿಯಾದದ್ದು ಬೇರೆ ಎರಡು ಕಟ್ಟು ನೋಡಿ. ತೆರೆರೆ ಅಂತ ಅವಳು ಎತ್ತಿ ಕೊಟ್ಟದ್ದು ನಮ್ಮ ಹರಿವೆ. ಮನಾಗು ಅಂತ ಕೊಟ್ಟದ್ದು ಗಣಿಕೆ ಸೊಪ್ಪಿನ ಸೋದರ, ಎಲೆ ಸ್ವಲ್ಪ ಅಗಲ, ಕಹಿ ಅದೇ. ಮೂರು ವಿಮಾನ ಹತ್ತಿ ಇಳಿದು ಬಂದರೂ ಹರಿವೆ ಸಾಸಿವೆಗೆ ತೊಂದರೆ ಇಲ್ಲ ಅಂತ ಅವತ್ತೇ ಮಗಳಿಗೆ ಫೋನು ಮಾಡಿ ಹೇಳಿದೆ.

ಸೊಪ್ಪನ್ನು ಅವಳೇ ಹೆಚ್ಚಿ ಕೊಡುತ್ತಾಳೆ, ಅದಕ್ಕೆ ಬೇರೆ ದುಡ್ಡಿಲ್ಲ. ಹೆಚ್ಚುವುದನ್ನು ನೋಡಲೆಂದೇ ನಾನು ಒಂದೊಂದು ದಿನ ಸುಮ್ನೆ ನಿಂತಿರುತ್ತೇನೆ. ಮಣೆ ಇಲ್ಲ. ಏಳೆಂಟು ಎಲೆ ಒಂದರ ಮೇಲೊಂದು ಇಟ್ಟು, ಚಾಪೆ ಸುತ್ತಿದ ಹಾಗೆ ಸುತ್ತಿ, ಎಡಗೈ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯುತ್ತಾಳೆ. ಚೂರಿಯನ್ನು ಹೆಬ್ಬೆರಳಿನ ಕಡೆಗೇ ಎಳೆಯುತ್ತಾಳೆ. ನೂಲಿನಂಥ ಎಳೆ ಉದುರುತ್ತಾ ಹೋಗುತ್ತದೆ, ಅವಳ ಕಣ್ಣು ಮಾತ್ರ ರಸ್ತೆಯಲ್ಲಿ ಹೋಗುವ ಮಟಾಟು ಬಸ್ಸಿನ ಮೇಲೆ. ನಲವತ್ತು ವರ್ಷ ಮೆಟ್ಟುಕತ್ತಿಯ ಮುಂದೆ ಕೂತವಳು ನಾನು, ಇಷ್ಟು ಸಣ್ಣಗೆ ನನ್ನ ಕೈಯಲ್ಲಿ ಇವತ್ತಿಗೂ ಆಗುವುದಿಲ್ಲ. ಒಂದೇ ಮಾತು, ಹೆಚ್ಚಿದ ಸೊಪ್ಪಿನಲ್ಲಿ ಮಣ್ಣಿರುತ್ತದೆ. ಮಳೆಗಾಲದಲ್ಲಿ ಜಾಸ್ತಿ. ಎಷ್ಟು ತೊಳೆದರೂ ಹಲ್ಲಿಗೆ ಕರಕರ. 'ಮೊದಲು ತೊಳಿ, ಆಮೇಲೆ ಹೆಚ್ಚು' ಅಂತ ಕೈಸನ್ನೆಯಲ್ಲಿ ಹೇಳಿ ನೋಡಿದೆ, ನಕ್ಕಳು, ಹಾಗೇ ಹೆಚ್ಚಿದಳು. ಈಗ ಇಡೀ ಕಟ್ಟು ತಂದು ಮನೆಯಲ್ಲೇ ತೊಳೆದು ಹೆಚ್ಚುತ್ತೇನೆ. ಒಂದು ಅಂಕ ಕಳೆದದ್ದು ಈ ಮಣ್ಣಿಗೇ.

ಇನ್ನು ಬೆಲೆ. ಬರೆದ ಬೆಲೆ ಯಾವುದಕ್ಕೂ ಇಲ್ಲ. ಮೊದಲ ತಿಂಗಳು ನಮಗೆ ಹೊಸಬರ ಬೆಲೆ ಬಿತ್ತು, ಅದರಲ್ಲಿ ಸಂಶಯವಿಲ್ಲ. ಅದೇ ಐವತ್ತು ಶಿಲ್ಲಿಂಗಿಗೆ ಪಕ್ಕದ ಹೆಂಗಸಿಗೆ ಐದು ಟೊಮೆಟೊ, ನಮಗೆ ನಾಲ್ಕು. (ನೂರು ಶಿಲ್ಲಿಂಗ್ ಅಂದರೆ ನಮ್ಮ 65-70 ರೂಪಾಯಿ.) ನಾನು ಜಗಳ ಮಾಡಲಿಲ್ಲ, ಚೌಕಾಸಿ ಮಾಡುವಷ್ಟು ಭಾಷೆಯೇ ಇರಲಿಲ್ಲ. ಎರಡನೇ ತಿಂಗಳು ತಾನಾಗಿಯೇ ಐದಾಯಿತು. ಈಗ ಐದರ ಮೇಲೆ ಒಂದು ಹಸಿಮೆಣಸೋ ಕೊತ್ತಂಬರಿ ಕಡ್ಡಿಯೋ ಕೊಸರು ಬೀಳುತ್ತದೆ, ನಮ್ಮ ಸಂತೆಯ ಹಾಗೆಯೇ.

ಸಮಯದ ಗೊಂದಲ ಮಾತ್ರ ಹೊಸಬರಿಗೆ ಖಂಡಿತ ಆಗುತ್ತದೆ, ತಿಳಿದುಕೊಂಡಿರಿ. ಯಾವಾಗ ತೆರೆಯುತ್ತೀಯಾ ಅಂತ ಇವರು ಕೇಳಿದ್ದಕ್ಕೆ 'ಸಾ ಮ್ಬಿಲಿ' ಅಂದಳು. ಮ್ಬಿಲಿ ಅಂದರೆ ಎರಡು ಅಂತ ಪುಸ್ತಕ ನೋಡಿ ಕಲಿತಿದ್ದರು, ಮಧ್ಯಾಹ್ನ ಎರಡಕ್ಕೆ ಚೀಲ ಹಿಡಿದು ಹೋದರು. ಹೋಗುವಾಗ ಒಳ್ಳೆ ಸೊಪ್ಪೆಲ್ಲಾ ಖಾಲಿ. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಬೆಳಿಗ್ಗೆ ಆರರಿಂದ. ಹಾಗಾಗಿ 'ಎರಡು' ಅಂದರೆ ನಮ್ಮ ಎಂಟು ಗಂಟೆ. ನನ್ನ ಅಜ್ಜಿಯೂ 'ಹೊತ್ತು ಹುಟ್ಟಿ ಎರಡು ತಾಸು' ಅಂತಲೇ ಹೇಳುತ್ತಿದ್ದರು, ನನಗೆ ಅದು ತಟ್ಟನೆ ಹೊಳೆಯಿತು. ಇವರಿಗೆ ಹೊಳೆಯಲಿಲ್ಲ, ವಾಚು ತೋರಿಸಿ ಅವಳ ಹತ್ತಿರ ವಾದ ಮಾಡಿ ಬಂದಿದ್ದರು.

ಇನ್ನೊಂದು ದಿನ ಅವಳು ಅಂಗಡಿಯ ಹಿಂದೆ ಕೈ ತೋರಿಸಿ 'ಕುಕು, ಕುಕು' ಅಂದಳಂತೆ. ನಮ್ಮ ಮನೆಮಾತು ತುಳು. ತುಳುವಿನಲ್ಲಿ ಕುಕ್ಕು ಅಂದರೆ ಮಾವು. ಇವರು ಉಪ್ಪಿನಕಾಯಿಯ ಕನಸು ಕಾಣುತ್ತಾ ಹಿಂದೆ ಹೋಗಿ ನೋಡಿದರೆ ಮೂರು ಕೋಳಿ. ಸ್ವಾಹಿಲಿಯಲ್ಲಿ ಕುಕು ಅಂದರೆ ಕೋಳಿ, ಮಾವು ಬೇಕಾದರೆ ಎಂಬೆ ಅನ್ನಬೇಕು. ಹೇಗೂ ಹೋದವರು ಆರು ಮೊಟ್ಟೆ ತಂದರು.

ಹಣ ಕೊಡುವುದು ಎಂಪೇಸಾದಲ್ಲಿ, ಮೊಬೈಲಿನಿಂದ. ಇಲ್ಲಿ ಅದು 2007ರಿಂದಲೇ ಇದೆ, ನಾವು ಯುಪಿಐ ಹೆಸರು ಕೇಳುವುದಕ್ಕಿಂತ ಎಷ್ಟೋ ಮೊದಲು. ಸ್ಮಾರ್ಟ್‌ಫೋನೂ ಬೇಡ, ಗುಂಡಿ ಒತ್ತುವ ಸಾದಾ ಫೋನು ಸಾಕು. ಒಂದು ಸಂಜೆ ಕನ್ನಡಕ ಮರೆತು ಹೋದ ಇವರು 200ರ ಬದಲು 2000 ಕಳಿಸಿದರು. ಮನೆಗೆ ಬಂದು ಮೆಸೇಜು ಓದಿದ ಮೇಲೆ ಗೊತ್ತಾದದ್ದು. ಆಯುಷ್ಯವಿಡೀ ಬೇರೆಯವರ ಸೊನ್ನೆ ಎಣಿಸಿದ ಮನುಷ್ಯ, ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ನಾವು ಹೊರಡುವ ಮೊದಲೇ ಅವಳು ಗೇಟಿನ ಹತ್ತಿರ ನಿಂತಿದ್ದಳು, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಶಾಲೆಯ ನೋಟ್‌ಬುಕ್ಕು. 1800 ಅಂತ ಬರೆದು ಕೆಳಗೆ ಗೆರೆ ಹಾಕಿದ್ದಳು. ಅವಳ ಕೈಯಲ್ಲಿ ಅಷ್ಟು ನಗದು ಇರಲಿಲ್ಲ, ರಾತ್ರಿಯೇ ಸಗಟು ಮಾರ್ಕೆಟ್ಟಿನಲ್ಲಿ ಮಾಲಿಗೆ ಹಾಕಿಬಿಟ್ಟಿದ್ದಳು. ಹಾಗಾಗಿ ಮೂರು ವಾರ ನಾವು ಆ ಸಾಲವನ್ನು ತಿಂದೆವು. ದಿನಾ ತೆಗೆದುಕೊಂಡದ್ದು ಬರೆದು, ಕಳೆದು, ಉಳಿದದ್ದನ್ನು ಇವರಿಗೆ ತೋರಿಸುತ್ತಿದ್ದಳು. ಆ ನೋಟ್‌ಬುಕ್ಕಿನಲ್ಲಿ ಒಂದು ತಪ್ಪೂ ಸಿಗಲಿಲ್ಲ. ಶಾಲೆಯ ಲೆಕ್ಕದ ಬಗ್ಗೆ ಹಾಗೆ ಹೇಳುವಂತಿಲ್ಲ ಅಂತ ಇವರೇ ಹೇಳಿದ್ದು.

ಚೀಲ ಮರೆಯಬೇಡಿ. 2017ರ ಆಗಸ್ಟಿನಿಂದ ಈ ದೇಶದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ. ನಾವು ಮಂಗಳೂರಿನ ಜವಳಿ ಅಂಗಡಿಯ ಹಳದಿ ಬಟ್ಟೆಚೀಲ ಹಿಡಿದು ಹೋಗುತ್ತೇವೆ, ಅದು ಕಂಡ ಕೂಡಲೇ ಅವಳು ದೂರದಿಂದಲೇ 'ಶೋಶೋ' ಅಂತ ಕೂಗುತ್ತಾಳೆ. ಶೋಶೋ ಅಂದರೆ ಅಜ್ಜಿ. ಇವರು ಗುಕಾ, ಅಜ್ಜ. ಚೀಲದ ಮೇಲಿನ ಕನ್ನಡ ಅಕ್ಷರ ತೋರಿಸಿ ಇದೇನು ಬರೆದದ್ದು ಅಂತ ಒಮ್ಮೆ ಕೇಳಿದಳು. 'ಮದುವೆ ಸೀರೆಗಳು' ಅಂತ ಅರ್ಥ ಹೇಳಿದೆ. ಆಲೂಗಡ್ಡೆ ತುಂಬಿದ ಚೀಲ ನೋಡಿ ಅವಳಿಗೆ ನಗು ತಡೆಯಲಿಲ್ಲ.

ಧಾನ್ಯವೂ ಇಡುತ್ತಾಳೆ. ತೂಕವಿಲ್ಲ, ಗೊರೊಗೊರೊ ಅನ್ನುವ ಎರಡು ಕಿಲೋದ ಹಳೇ ಡಬ್ಬದಲ್ಲಿ ಅಳೆಯುವುದು, ನಮ್ಮ ಸೇರಿನ ಹಾಗೆ. ಹೆಸರುಕಾಳು ಚೆನ್ನಾಗಿದೆ, ಎನ್‌ಡೆಂಗು ಅಂತ ಕೇಳಿ. ತೊಂಡೆ ಬೆಂಡೆಯ ಹಂಬಲ ಇದ್ದರೆ ಬಿಟ್ಟುಬಿಡಿ. ಅವಕ್ಕೆ ನೈರೋಬಿಯ ಪಾರ್ಕ್‌ಲ್ಯಾಂಡ್ಸ್ ಕಡೆ ಹೋಗಬೇಕು, ನಾವು ತಿಂಗಳಿಗೊಮ್ಮೆ ಹೋಗುತ್ತೇವೆ. ಆದರೆ ರಾಗಿ ಇದೆ! ಇಲ್ಲಿ ವಿಂಬಿ ಅನ್ನುತ್ತಾರೆ. ರಾಗಿಯ ತವರು ಆಫ್ರಿಕಾದ ಈ ಪೂರ್ವ ಭಾಗವೇ, ಇಲ್ಲಿಂದಲೇ ನಮ್ಮ ಕಡೆಗೆ ಬಂದದ್ದು. ಪುಡಿ ಕೊಳ್ಳಬೇಡಿ, ಅದರಲ್ಲಿ ಜೋಳ ಬೆರೆತಿರಬಹುದು. ಕಾಳು ಕೊಂಡು ಗಿರಣಿಯಲ್ಲಿ ಮಾಡಿಸಿ. ಬೆಳಿಗ್ಗೆ ಐದೂವರೆಗೆ, ಮಂಜಿನಲ್ಲಿ ಎದುರಿನ ಮನೆಯೂ ಕಾಣದಿರುವಾಗ, ಪ್ರಾರ್ಥನೆ ಮುಗಿಸಿ ಎರಡು ಲೋಟ ರಾಗಿ ಗಂಜಿ ಕುಡಿಯುವುದು ನಮ್ಮ ದಿನದ ಶುರು. ಇವರು ಎಂಟಕ್ಕೆ ಆಫೀಸು, ಹತ್ತಕ್ಕೆ ಅಲ್ಲಿ ಹಾಲು ಚಹಾ ಮತ್ತು ಮಂಡಾಜಿ ಅನ್ನುವ ಕರಿದ ತಿಂಡಿ. ನಾಲ್ಕಕ್ಕೆ ಇಬ್ಬರೂ ಮನೆಗೆ. ಊರಲ್ಲಿ ಆಗ ಆರೂವರೆ, ಮೊಮ್ಮಗ ಟ್ಯೂಷನ್ನಿಗೆ ಹೊರಡುವ ಮೊದಲು ಹತ್ತು ನಿಮಿಷ ವಿಡಿಯೋದಲ್ಲಿ ಸಿಗುತ್ತಾನೆ. ದಿನಾ ಒಂದೇ ಪ್ರಶ್ನೆ, ಸಿಂಹ ಬಂತಾ? ಬಂದಿಲ್ಲ ಮಗಾ, ಕೋಸು ಬಂತು.

ಅಡುಗೆ ಬಗ್ಗೆ ಒಂದು ಎಚ್ಚರಿಕೆ. ಊರು ಸುಮಾರು 2,200 ಮೀಟರ್ ಎತ್ತರದಲ್ಲಿದೆ, ನೀರು 93 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಕುಚ್ಚಲಕ್ಕಿ ಬೇಯಿಸಲು ಹೋಗಿ ಮೊದಲ ವಾರ ಅರ್ಧ ಗ್ಯಾಸು ಮುಗಿಸಿದೆ. ಅವಳ ಒಣ ಕಾಳು ಎಷ್ಟು ಹೊತ್ತಾದರೂ ಬೇಯದಿದ್ದರೆ ಅವಳನ್ನು ಬೈಯಬೇಡಿ, ಊರಿನಿಂದ ಕುಕ್ಕರ್ ತನ್ನಿ. ಎರಡು ಗ್ಯಾಸ್ಕೆಟ್ಟೂ ತನ್ನಿ.

ಈಗ ಕೆಸುವಿನ ಕಥೆ. ಅವಳು ಎನ್‌ಡುಮಾ ಅಂತ ಒಂದು ಗಡ್ಡೆ ಮಾರುತ್ತಾಳೆ. ಇಂಗ್ಲಿಷಿನಲ್ಲಿ ಇಲ್ಲಿಯವರು ಅದಕ್ಕೆ ಆರೋರೂಟ್ ಅನ್ನುತ್ತಾರೆ, ಹಾಗಾಗಿ ಆರು ತಿಂಗಳು ನಾನು ಅತ್ತ ತಿರುಗಿಯೂ ನೋಡಿರಲಿಲ್ಲ. ಕಳೆದ ಜುಲೈಯಲ್ಲಿ, ಚಳಿ ಅಂದರೆ ಚಳಿ, ಊರಲ್ಲಿ ತುಳುವರ ಆಟಿ ತಿಂಗಳು ಶುರುವಾಗುವ ಹೊತ್ತು, ಅಂಗಡಿ ಪಕ್ಕದ ತೋಡಿನಲ್ಲಿ ಬೆಳೆದ ಗಿಡ ಕಂಡು ಕಾಲು ನಿಂತುಹೋಯಿತು. ಆನೆಕಿವಿಯಂಥ ಎಲೆ, ಮೇಲೆ ನೀರಿನ ಹನಿ ಉರುಳುತ್ತಿದೆ. ಕೆಸು! ಗಡ್ಡೆ ಕಿತ್ತು, ಎಲೆಯನ್ನೆಲ್ಲಾ ಪಕ್ಕಕ್ಕೆ ಬಿಸಾಡಿದ್ದಳು. ಆ ಎಲೆ ನನಗೆ ಬೇಕು ಅಂದೆ. ಮೇಕೆ ಸಾಕಿದ್ದೀರಾ ಅಂತ ಕೇಳಿದಳು. ಇಲ್ಲ, ನಮಗೇ ತಿನ್ನಲು ಅಂದೆ. ಅವಳ ಮುಖ ನೋಡಬೇಕಿತ್ತು. ಪಕ್ಕದ ಬಾಳೆಹಣ್ಣಿನವಳನ್ನು ಕರೆದು ಹೇಳಿದಳು, ಅವಳು ಇನ್ನೊಬ್ಬಳಿಗೆ ಹೇಳಿದಳು. ಒಬ್ಬಳು ನನ್ನ ಕೈ ಹಿಡಿದು, ದುಡ್ಡು ಇಲ್ಲವಾ ಶೋಶೋ, ಸುಕುಮಾ ಕೊಡುತ್ತೇನೆ ತಗೊಳ್ಳಿ ಅಂದಳು.

ಹನ್ನೆರಡು ಎಲೆ ತಂದೆ. ಅಕ್ಕಿ ನೆನೆಹಾಕಿ, ಕೊತ್ತಂಬರಿ, ಮೆಣಸು, ಬೆಲ್ಲ, ಇಲ್ಲಿ ಉಕ್ವಾಜು ಅನ್ನುವ ಹುಣಸೆ ಹಾಕಿ ರುಬ್ಬಿದೆ. ಕರಾವಳಿಯಿಂದ ಬರುವ ತೆಂಗಿನಕಾಯಿ ಇಲ್ಲಿ ದುಬಾರಿ, ಆದರೂ ಅರ್ಧ ಕಾಯಿ ಹಾಕಿದೆ. ಹಬೆಯಲ್ಲಿ ಒಂದೂವರೆ ಗಂಟೆ. ಮೊದಲ ಸಲದ ಪತ್ರೊಡೆ ಗಂಟಲು ತುರಿಸಿತು, ನಮ್ಮ ಕೆಸುವಿಗಿಂತ ಈ ಜಾತಿಗೆ ತುರಿ ಜಾಸ್ತಿ. ಇವರು ಕೆಮ್ಮುತ್ತಲೇ ಮೂರು ತುಂಡು ತಿಂದರು. ಎರಡನೇ ಸಲ ಹುಣಸೆ ದುಪ್ಪಟ್ಟು ಹಾಕಿದೆ, ನಾರು ಚೆನ್ನಾಗಿ ತೆಗೆದೆ, ಸರಿಯಾಯಿತು. ನಾಲ್ಕು ತುಂಡು ಒಗ್ಗರಣೆ ಹಾಕಿ ಅವಳಿಗೆ ಒಯ್ದೆ. ಮೂಸಿದಳು, ಒಂದು ಮೂಲೆ ಕಚ್ಚಿದಳು, ಏನೂ ಹೇಳಲಿಲ್ಲ. ಮರುದಿನ ಡಬ್ಬ ಖಾಲಿ ಮಾಡಿ, ತೊಳೆದು, ಅದರೊಳಗೆ ಎರಡು ಬೆಣ್ಣೆಹಣ್ಣು ಇಟ್ಟು ಕೊಟ್ಟಳು. ಇಷ್ಟವಾಯಿತಾ ಅಂದರೆ, ಮಗನಿಗೆ ಆಯಿತು ಅಂದಳು.

ಒಂದು ಪಕ್ಕಮಾತು. ನಮ್ಮೂರಿಗೆ ಬಾಸೆಲ್ ಮಿಶನ್ನಿನವರು ಬಂದದ್ದು 1834ರಲ್ಲಿ. ಅದೇ ಬಾಸೆಲ್ಲಿನಲ್ಲಿ ಓದಿದ ಮಿಶನರಿ ಕ್ರಾಪ್ಫ್ 1844ರಲ್ಲಿ ಇಲ್ಲಿನ ಕರಾವಳಿಯ ಮೊಂಬಾಸಾಕ್ಕೆ ಬಂದರು, ಬಂದ ವರ್ಷವೇ ಹೆಂಡತಿಯನ್ನೂ ಹಸುಗೂಸನ್ನೂ ಅಲ್ಲಿ ಮಣ್ಣು ಮಾಡಿದರು. ಆಮೇಲೂ ಉಳಿದು ಭಾಷೆ ಕಲಿತರು. ಅವರ ಸ್ವಾಹಿಲಿ ನಿಘಂಟು 1882ರಲ್ಲಿ ಅಚ್ಚಾಯಿತು, ನಮ್ಮ ಕಿಟ್ಟೆಲ್ ಕೋಶ 1894ರಲ್ಲಿ. ಲೈಬ್ರರಿಯಲ್ಲಿ ಕೂತು ಇದನ್ನೆಲ್ಲಾ ಯೋಚಿಸುವಾಗ ನಾನು ನನ್ನ ನೋಟ್‌ಬುಕ್ಕು ತೆಗೆದು ನೋಡುತ್ತೇನೆ. ಹದಿನಾಲ್ಕು ತಿಂಗಳಲ್ಲಿ ಕಲಿತದ್ದು ನೂರ ಅರವತ್ತು ಪದ, ಅರ್ಧಕ್ಕರ್ಧ ತಿನ್ನುವ ವಸ್ತು.

ಕೊರತೆ ಇನ್ನೂ ಎರಡಿವೆ. ಭಾನುವಾರ ಮುಚ್ಚಿರುತ್ತದೆ. ಅದು ಸರಿಯೇ, ನಾವೂ ಅವತ್ತು ಮಧ್ಯಾಹ್ನದವರೆಗೆ ಆರಾಧನೆಯಲ್ಲಿರುತ್ತೇವೆ. ಆದರೆ ಶನಿವಾರ ಸಂಜೆ ಉಳಿದ ಟೊಮೆಟೊವನ್ನು ಸೋಮವಾರ ಬೆಳಿಗ್ಗೆ ಗುಡ್ಡೆಯ ಕೆಳಗೆ ಸೇರಿಸುತ್ತಾಳೆ. ಗುಡ್ಡೆ ಎತ್ತಿ ನೋಡಿಯೇ ತಗೊಳ್ಳಿ. ಶೋಶೋ ಅಂದ ಮಾತ್ರಕ್ಕೆ ಮೆತ್ತಗಾದ ಟೊಮೆಟೊ ನನ್ನ ಚೀಲಕ್ಕೆ ಬೀಳುವುದಿಲ್ಲ ಅಂತ ಏನೂ ಇಲ್ಲ. ಇನ್ನೊಂದು, ಏಪ್ರಿಲ್ ಮೇ ಮಳೆಯಲ್ಲಿ ಅಂಗಡಿಯ ಮುಂದೆ ಪಾದ ಹೂತುಹೋಗುವ ಕೆಸರು. ಇವರು ಒಮ್ಮೆ ಜಾರಿ ಕೂತೇಬಿಟ್ಟರು. ಆಮೇಲೆ ಅವಳು ಎರಡು ಹಲಗೆ ಹಾಸಿದಳು, ಅದೂ ಜಾರುತ್ತದೆ. ಮಂಡಿ ನೋವಿದ್ದರೆ ಫೋನು ಮಾಡಿ, ಮಗನ ಕೈಯಲ್ಲಿ ಮನೆಗೇ ಕಳಿಸುತ್ತಾಳೆ. ಅದಕ್ಕೂ ಬೇರೆ ದುಡ್ಡಿಲ್ಲ, ಹುಡುಗನಿಗೆ ಒಂದು ಬಾಳೆಹಣ್ಣೋ ಚಕ್ಕುಲಿಯೋ ಕೊಟ್ಟರೆ ಆಯಿತು.

ಈ ಜುಲೈಗೆ ಮತ್ತೆ ಕೆಸು ಬೇಕು ಅಂತ ಹೋದ ವಾರ ಹೇಳಿ ಬಂದೆ. ಎಲೆಗೆ ಈಗ ಹತ್ತು ಶಿಲ್ಲಿಂಗ್ ಕಟ್ಟಂತೆ.