ಮೈಸೂರಿಗೆ ಅರ್ಪಿಸಿದ ಪಿಯಾನೋ ಕಾನ್ಸರ್ಟೊ: ಯಾರದನ್ನು ಕೇಳಬೇಕು?

ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಸರ್ಟೊವನ್ನು, ಅಂದರೆ ವಾದ್ಯವೃಂದದ ಜೊತೆ ಪಿಯಾನೋ ಮುಂದಾಳಾಗಿ ನುಡಿಯುವ ಕೃತಿಯನ್ನು, ಅರ್ಪಿಸಿದ್ದು ನಮ್ಮ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರ್ ಅವರಿಗೆ. ಈ ವಿಷಯ ಮೈಸೂರಿನ ಸಂಗೀತಪ್ರಿಯರಲ್ಲಿ ಸುಮಾರು ಜನಕ್ಕೆ ಗೊತ್ತು. ಆದರೆ ಆ ಕೃತಿಯನ್ನು ಪೂರ್ತಿ ಕೇಳಿದವರು ಕಡಿಮೆ. ಕೇಳೋಣ ಅಂತ ಕೂತವರೂ ಹತ್ತು ನಿಮಿಷಕ್ಕೆ ನಿಲ್ಲಿಸಿಬಿಡುತ್ತಾರೆ. ಅದಕ್ಕೆ ಹೆಚ್ಚಿನ ಸಲ ಕಾರಣ ಅವರ ಕೈಗೆ ಮೊದಲು ಸಿಕ್ಕ ರೆಕಾರ್ಡಿಂಗ್ ಅಂತ ನನ್ನ ಅನಿಸಿಕೆ.

ಚೈಕೋವ್‌ಸ್ಕಿಯ ಮೊದಲ ಕಾನ್ಸರ್ಟೊಗೆ ಈ ಸಮಸ್ಯೆ ಇಲ್ಲ. ಯಾರು ನುಡಿಸಿದರೂ ಶುರುವಿನಲ್ಲೇ ಹಿಡಿದು ಕೂರಿಸುತ್ತದೆ. ಮೆಟ್ನರ್ ಅವರ ಧಾಟಿ ಬೇರೆ. ಒಂದು ಸಲ ಕೇಳಿದರೆ ಬಾಯಿಗೆ ಬರುವಂಥ ರಾಗ ಇವರದಲ್ಲ. ಚಿಕ್ಕ ಎಳೆಯೊಂದನ್ನು ತೆಗೆದುಕೊಂಡು, ಅದನ್ನೇ ತಿರುಗಿಸಿ, ಬೆಳೆಸಿ, ಮತ್ತೆಲ್ಲೋ ಇನ್ನೊಂದು ಎಳೆಗೆ ಸೇರಿಸುತ್ತಾರೆ. ನುಡಿಸುವವರ ಲಯ ಸ್ವಲ್ಪ ಸಡಿಲವಾದರೂ ಸಾಕು, ಆ ಜೋಡಣೆ ಕಿವಿಗೆ ತಪ್ಪಿಹೋಗುತ್ತದೆ. ಆಗ 35 ನಿಮಿಷ ಸುಮ್ನೆ ಉದ್ದವಾಯಿತು ಅನ್ನಿಸುತ್ತದೆ.

ಮಹಾರಾಜರ ಪಾತ್ರ ಏನು ಅನ್ನೋದನ್ನು ಸ್ವಲ್ಪ ಹೇಳಲೇಬೇಕು. ಶ್ರೀವಿದ್ಯಾ ಅಂಕಿತದ ಅವರ 94 ಕೃತಿಗಳು ಇಲ್ಲಿನ ಕಛೇರಿಗಳಲ್ಲಿ ಇವತ್ತಿಗೂ ಕೇಳಿಸುತ್ತವೆ. ಪಿಯಾನೋ ವಿಷಯ ಅಷ್ಟಾಗಿ ಯಾರೂ ಎತ್ತುವುದಿಲ್ಲ. 1945ರಲ್ಲಿ ಅವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪದವಿ ಪಡೆದವರು. ಆ ಕಡೆ ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು, ಇನ್ನೊಬ್ಬ ರಷ್ಯನ್ ರಚನಕಾರ ರಖ್ಮನಿನೋವ್ ಅವರ ಆಪ್ತ ಗೆಳೆಯ. 1921ರಲ್ಲಿ ರಷ್ಯಾ ಬಿಟ್ಟು, ಜರ್ಮನಿ, ಫ್ರಾನ್ಸ್ ಸುತ್ತಿ, ಕೊನೆಗೆ ಲಂಡನ್ನಿನಲ್ಲಿ ನೆಲೆನಿಂತರು. ಯುದ್ಧ ಬಂತು, ಹೃದಯದ ಕಾಯಿಲೆ ಬಂತು, ಕೈಯಲ್ಲಿ ಕಾಸು ಇರಲಿಲ್ಲ. ಯುದ್ಧದ ನಡುವೆಯೇ, ವಾರ್ವಿಕ್‌ಶೈರ್‌ನಲ್ಲಿ ತಮ್ಮ ಶಿಷ್ಯೆ, ಪಿಯಾನೋ ವಾದಕಿ ಎಡ್ನಾ ಐಲ್ಸ್ ಅವರ ಆಶ್ರಯದಲ್ಲಿದ್ದಾಗ, ಈ ಮೂರನೇ ಕಾನ್ಸರ್ಟೊದ ಕೆಲಸ ಸಾಗಿತು. ಮೊದಲ ಪ್ರದರ್ಶನ 1944ರಲ್ಲಿ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಯುದ್ಧ ಮುಗಿದ ಮೇಲೆ ಮೈಸೂರಿನಿಂದ ನೆರವು ಬಂತು. ಮೆಟ್ನರ್ ಸೊಸೈಟಿ ಹೆಸರಿನಲ್ಲಿ ಎಚ್‌ಎಂವಿ ಕಂಪನಿ ಅವರ ಕೃತಿಗಳನ್ನು ಅವರ ಕೈಯಲ್ಲೇ ನುಡಿಸಿ ಮುದ್ರಿಸಿತು. ಮೂರೂ ಕಾನ್ಸರ್ಟೊ, ಹಾಡುಗಳು, ಪಿಯಾನೋ ಕೃತಿಗಳು. 1951ರಲ್ಲಿ ಅವರು ತೀರಿಕೊಂಡರು. ಆ ನೆರವು ನಾಲ್ಕೈದು ವರ್ಷ ತಡವಾಗಿದ್ದರೆ ಅವರ ಬೆರಳಿನ ಈ ನುಡಿತ ನಮಗೆ ಸಿಗುತ್ತಲೇ ಇರಲಿಲ್ಲ. ಮೈಸೂರಿನವನಾಗಿ ನನಗೆ ಇದು ದೊಡ್ಡ ಹೆಮ್ಮೆ.

ನಾನು ಹೋಲಿಸಿದ್ದು ನಾಲ್ಕು ರೆಕಾರ್ಡಿಂಗ್‌ಗಳನ್ನು. ಮೆಟ್ನರ್ ಅವರದ್ದೇ ಒಂದು. ನಿಕೊಲಾಯ್ ಡೆಮಿಡೆಂಕೊ, ಜೆಫ್ರಿ ಟೋಜರ್, ಯೆವ್ಗೆನಿ ಸುಡ್ಬಿನ್ ಅವರದ್ದು ಉಳಿದ ಮೂರು. ಸರಸ್ವತಿಪುರಂನ ನಮ್ಮ ಮನೆಯಲ್ಲಿ, ಅದೇ ಸ್ಪೀಕರ್, ಅದೇ ವಾಲ್ಯೂಮ್, ರಾತ್ರಿ ಊಟವಾದ ಮೇಲೆ. ಮೊದಲು ಒಂದೊಂದನ್ನೂ ಪೂರ್ತಿ ಕೇಳಿದೆ. ಆಮೇಲೆ ಒಂದೇ ಭಾಗವನ್ನು ನಾಲ್ವರಲ್ಲೂ ಒಂದರ ಹಿಂದೆ ಒಂದು ಹಾಕಿ ಕೇಳಿದೆ. ಹೆಡ್‌ಫೋನ್‌ನಲ್ಲೂ ಕೇಳಿದೆ. ಎಷ್ಟೋ ಸಲ ನನ್ನ ಸೋದರತ್ತೆ ಜೊತೆಗಿದ್ದರು. ಅವರು ವೀಣೆ ಪಾಠ ಹೇಳುವವರು, ಪಿಯಾನೋ ಅವರಿಗೆ ಪರಿಚಯವಿಲ್ಲ. ಅವರ ಕಿವಿಯನ್ನು ನಾನು ತುಂಬ ನಂಬುತ್ತೇನೆ.

ಕೃತಿಯ ಬಗ್ಗೆ ಎರಡು ಮಾತು. ಮೂರು ಭಾಗಗಳಿವೆ, ನಡುವೆ ನಿಲುಗಡೆ ಇಲ್ಲ. ಮೊದಲನೆಯದು ಅಗಲವಾಗಿ, ಆಳವಾಗಿ ಹರಿಯುತ್ತದೆ. ರಷ್ಯಾದ ಕವಿ ಲೆರ್ಮಂತೊವ್‌ನ 'ರುಸಾಲ್ಕಾ' ಎಂಬ ಕವನ ಅದರ ಹಿನ್ನೆಲೆ. ಬೆಳದಿಂಗಳಿನ ನದಿಯಲ್ಲಿ ಈಜುವ ಜಲಕನ್ಯೆ, ನೀರಿನ ತಳದಲ್ಲಿ ಮಲಗಿರುವ, ಮುತ್ತಿಟ್ಟರೂ ಏಳದ ವೀರ. ಎರಡನೆಯದು ಚಿಕ್ಕ ಸೇತುವೆಯಂಥ ಭಾಗ. ಮೂರನೆಯದರ ತಲೆಯ ಮೇಲೆ, ಎಚ್ಚರಗೊಳ್ಳುತ್ತ, ವೀರಭಾವದಿಂದ ನುಡಿಸಬೇಕು ಎಂಬರ್ಥದ ಸೂಚನೆ ಇದೆ. ಮಲಗಿದ್ದವನು ಏಳುತ್ತಾನೆ ಅನ್ನೋದು ಅಲ್ಲಿಗೆ ಗೊತ್ತಾಗುತ್ತದೆ. ಹಾಗಾಗಿ ನನ್ನ ಪರೀಕ್ಷೆ ಸರಳ. ಮೊದಲ ಭಾಗ ನಿದ್ದೆಯ ಕಥೆಯಾದರೂ ನುಡಿಸುವವರು ನಿದ್ದೆ ಹೋಗಬಾರದು. ಒಳಗಿನ ಲಯ ಜೀವಂತವಾಗಿರಬೇಕು. ಹಾಗಿದ್ದರೆ ಮಾತ್ರ ಕೊನೆಯ ಭಾಗದ ಎಚ್ಚರಕ್ಕೆ ಬೆಲೆ.

ಮೊದಲಿಗೆ ಮೆಟ್ನರ್ ಅವರದ್ದು. 1947ರ ಮುದ್ರಣ. ಲಂಡನ್ನಿನ ಫಿಲ್‌ಹಾರ್ಮೋನಿಯ ವಾದ್ಯವೃಂದ. ನಡೆಸಿದವರು ಇಸಾಯ್ ಡೊಬ್ರೊವೆನ್. ರೆಕಾರ್ಡಿಂಗ್ ನಿರ್ಮಾಪಕ ವಾಲ್ಟರ್ ಲೆಗ್ ಕಟ್ಟಿದ ಈ ವಾದ್ಯವೃಂದಕ್ಕೂ ಮಹಾರಾಜರು ಮುಂದೆ ಬೆನ್ನಾಗಿ ನಿಂತರು. ಅದರ ಕಛೇರಿ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷರು. ಈಗ ಟೆಸ್ಟಮೆಂಟ್ ಕಂಪನಿಯ ಸಿಡಿಯಲ್ಲಿ ಎರಡನೇ ಕಾನ್ಸರ್ಟೊ ಜೊತೆ ಸಿಗುತ್ತದೆ.

ಶಬ್ದದ ಗುಣಮಟ್ಟ ಹಳೆಯದು, ಅದನ್ನು ಮುಚ್ಚಿಡುವುದು ಬೇಡ. ಒಂದೇ ಚಾನೆಲ್, ಹಿಂದೆ ಸಣ್ಣ ಸುಯ್ಯೆಂಬ ಸದ್ದು. ವಾದ್ಯವೃಂದ ಜೋರಾದಾಗ ಪಿಟೀಲುಗಳೆಲ್ಲ ಒಂದು ಮೂಲೆಗೆ ಒತ್ತಿದ ಹಾಗೆ ಆಗುತ್ತದೆ. 78 ಆರ್‌ಪಿಎಂ ತಟ್ಟೆಗಳ ಕಾಲ ಅದು. ಒಂದು ಬದಿಗೆ ನಾಲ್ಕೂವರೆ ನಿಮಿಷದ ಒಳಗೆ ಎಷ್ಟು ಹಿಡಿಯುತ್ತದೋ ಅಷ್ಟು. ಟೇಪ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಬದಿಯ ನಡುವೆ ಎಡವಿದರೆ ಆ ಬದಿಯನ್ನೇ ಮೊದಲಿನಿಂದ ನುಡಿಸಬೇಕು. 67ರ ವಯಸ್ಸಿನಲ್ಲಿ, ಹೃದಯದ ತೊಂದರೆ ಇಟ್ಟುಕೊಂಡು, ಇಷ್ಟು ಕಷ್ಟದ ಕೃತಿಯನ್ನು ಹೀಗೆ ನುಡಿಸಿದ್ದಾರೆ ಅನ್ನೋದು ನೆನಪಿರಲಿ.

ಆದರೆ ಪಿಯಾನೋ! ಇಷ್ಟು ಸ್ಪಷ್ಟವಾದ ನುಡಿತ ಉಳಿದ ಮೂವರಲ್ಲೂ ನನಗೆ ಸಿಗಲಿಲ್ಲ. ಅವರು ಎಲ್ಲೂ ಭಾವವನ್ನು ಎಳೆಯುವುದಿಲ್ಲ. ಬೇರೆಯವರು ನಿಂತು ನಿಟ್ಟುಸಿರು ಬಿಡುವ ಜಾಗದಲ್ಲಿ ಇವರು ಮಾತಾಡುವ ಹಾಗೆ ಮುಂದೆ ಹೋಗುತ್ತಾರೆ. ಮೆಟ್ನರ್ ಬರವಣಿಗೆಯಲ್ಲಿ ಒಂದು ಕೈ ಎರಡರ ನಡೆಯಲ್ಲಿ, ಇನ್ನೊಂದು ಕೈ ಮೂರರ ನಡೆಯಲ್ಲಿ ಹೋಗುವುದು ಜಾಸ್ತಿ. ಚತುರಶ್ರ, ತಿಶ್ರ ಕೇಳಿ ಬೆಳೆದ ನಮ್ಮ ಕಿವಿಗೆ ಇದು ಹೊಸದೇನಲ್ಲ, ಅಲ್ವಾ? ಅವರ ಕೈಯಲ್ಲಿ ಎರಡು ನಡೆಗಳೂ ಬೇರೆಬೇರೆಯಾಗಿ ಕೇಳಿಸುತ್ತವೆ, ಒಂದನ್ನೊಂದು ಮುಚ್ಚುವುದಿಲ್ಲ. ಸ್ವರವನ್ನು ಉಳಿಸಿ ಮೊಳಗಿಸುವ ಕಾಲಿನ ಪೆಡಲ್ ಬಳಕೆ ಹಿತಮಿತ. ಅತ್ತೆ ತೊಡೆಯ ಮೇಲೆ ತಾಳ ಹಾಕುತ್ತ ಕೂತಿದ್ದರು. ಮೊದಲ ಭಾಗ ಮುಗಿಯುವ ಹೊತ್ತಿಗೆ, "ಇವರು ಕಾಲಪ್ರಮಾಣ ಬಿಟ್ಟುಕೊಡೋರಲ್ಲ ಕಣೋ. ಸ್ವರ ಎಲ್ಲಿಗೆ ಹೋಗಬೇಕು ಅಂತ ಗೊತ್ತಿದ್ದೇ ಬೆರಳಿಡ್ತಾರೆ" ಅಂದರು. ಬರೆದವರೇ ನುಡಿಸುತ್ತಿದ್ದಾರೆ ಅಂತ ನಾನು ಆಗ ಅವರಿಗೆ ಹೇಳಿರಲಿಲ್ಲ.

ಡೆಮಿಡೆಂಕೊ ಅವರದ್ದು ತೊಂಬತ್ತರ ದಶಕದ ಆರಂಭದ ರೆಕಾರ್ಡಿಂಗ್, ಹೈಪೀರಿಯನ್ ಕಂಪನಿಯದು. ಬಿಬಿಸಿ ಸ್ಕಾಟಿಷ್ ಸಿಂಫನಿ ವಾದ್ಯವೃಂದ, ನಡೆಸಿದವರು ಯೆರ್ಜಿ ಮಕ್ಸಿಮಿಯುಕ್. 1992ರಲ್ಲಿ ಇದಕ್ಕೆ ಬ್ರಿಟನ್ನಿನ ಗ್ರಾಮಫೋನ್ ಪತ್ರಿಕೆಯ ಪ್ರಶಸ್ತಿ ಬಂತು. ಮೆಟ್ನರ್ ಹೆಸರು ಮತ್ತೆ ಜನರ ಬಾಯಿಗೆ ಬಂದದ್ದರಲ್ಲಿ ಈ ಡಿಸ್ಕ್‌ನ ಪಾಲು ದೊಡ್ಡದು. ಇಲ್ಲಿ ಪಿಯಾನೋ ಗಂಭೀರ, ಭಾರ, ವಿಶಾಲ. ಕೆಳಗಿನ ಸ್ವರಗಳಿಗೆ ಒಳ್ಳೆ ತೂಕ ಇದೆ. ಮೂರನೇ ಭಾಗದಲ್ಲಿ ವಾದ್ಯವೃಂದವೂ ಪಿಯಾನೋವೂ ಸೇರಿ ಏರುವಾಗ ಮೈ ಜುಮ್ಮೆನ್ನುತ್ತದೆ. ಮೆಟ್ನರ್ ಅವರದರಲ್ಲಿ ಕಿವಿಗೆ ಬೀಳದ ಹಾರ್ನ್, ಚೆಲ್ಲೋ ಎಲ್ಲ ಇಲ್ಲಿ ತಮ್ಮ ತಮ್ಮ ಜಾಗದಲ್ಲಿ ಕೇಳಿಸುತ್ತವೆ. ಒಂದೇ ಆಕ್ಷೇಪ. ಮೊದಲ ಭಾಗದಲ್ಲಿ ಕೆಲವೆಡೆ ಅವರು ತುಂಬ ಹೊತ್ತು ಸವಿಯುತ್ತಾ ನಿಲ್ಲುತ್ತಾರೆ. ಆ ಸವಿ ಚೆನ್ನಾಗಿಯೇ ಇದೆ, ಆದರೆ ಎಳೆ ಮುಂದೆ ಎಲ್ಲಿ ಸೇರಿತು ಅನ್ನೋದು ಹೊಸಬರಿಗೆ ತಪ್ಪಬಹುದು.

ಇನ್ನೊಂದು ಮಾತು. ಹೈಪೀರಿಯನ್ ಡಿಸ್ಕ್‌ಗಳು 2023ರವರೆಗೆ ಸ್ಟ್ರೀಮಿಂಗ್‌ಗೆ ಬಂದಿರಲಿಲ್ಲ. ಹಿಂದೆ ಹುಡುಕಿ ಸಿಗದೆ ಬಿಟ್ಟವರು ಈಗ ಮತ್ತೆ ಹುಡುಕಿ.

ಟೋಜರ್ ಅವರ ಬಗ್ಗೆ ನನಗೆ ವಿಶೇಷ ಪ್ರೀತಿ. ಆಸ್ಟ್ರೇಲಿಯಾದ ಈ ಪಿಯಾನೋ ವಾದಕ ಹುಟ್ಟಿದ್ದು ನಮ್ಮ ಮಸ್ಸೂರಿಯಲ್ಲಿ, 1954ರಲ್ಲಿ. ಮೆಟ್ನರ್ ಸಂಗೀತಕ್ಕಾಗಿ ಜೀವ ತೇದವರು. ಕಾನ್ಸರ್ಟೊಗಳ ಜೊತೆಗೆ ಪಿಯಾನೋ ಕೃತಿಗಳನ್ನೂ ಸಾಲುಸಾಲಾಗಿ ಮುದ್ರಿಸಿದರು. ಶಾಂಡೋಸ್ ಕಂಪನಿಯ ಈ ಡಿಸ್ಕ್‌ನಲ್ಲಿ ಲಂಡನ್ ಫಿಲ್‌ಹಾರ್ಮೋನಿಕ್ ಇದೆ, ನಡೆಸಿದವರು ನೀಮೆ ಯಾರ್ವಿ. ವಾದ್ಯವೃಂದದ ಮಟ್ಟಿಗೆ ನಾಲ್ಕರಲ್ಲಿ ಇದೇ ನನಗೆ ಹೆಚ್ಚು ಹಿಡಿಸಿದ್ದು. ಎರಡನೆಯ ಚಿಕ್ಕ ಭಾಗವನ್ನು ಇಷ್ಟು ಮೃದುವಾಗಿ ಬೇರೆ ಯಾರೂ ನುಡಿಸಿಲ್ಲ. ಆದರೆ ಶಬ್ದದ ಸುತ್ತ ಗುಂಯ್ ಅನ್ನೋ ಅನುರಣನ ಜಾಸ್ತಿ. ಜೋರಿನ ಜಾಗಗಳಲ್ಲಿ ಎಡಗೈಯ ಒಳಸ್ವರಗಳು ಕರಗಿಹೋಗುತ್ತವೆ. ಟೋಜರ್ ಲಯದಲ್ಲೂ ಸ್ವಲ್ಪ ಆರಾಮ. ಕೇಳಲು ಸುಖ, ಆದರೆ ಕೊನೆಯ ಭಾಗದಲ್ಲಿ ನನಗೆ ಇನ್ನಷ್ಟು ಕಿಚ್ಚು ಬೇಕಿತ್ತು.

ಸುಡ್ಬಿನ್ ಇವರೆಲ್ಲರಿಗಿಂತ ಚಿಕ್ಕವರು, 1980ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಹುಟ್ಟಿದವರು. ಬಿಸ್ ಕಂಪನಿಯ ಡಿಸ್ಕ್, ಬೆರ್ಗನ್ ಫಿಲ್‌ಹಾರ್ಮೋನಿಕ್, ನಡೆಸಿದವರು ಆಂಡ್ರ್ಯೂ ಲಿಟನ್. ಜೊತೆಗೆ ಸ್ಕ್ರಿಯಾಬಿನ್ ಅವರ ಕಾನ್ಸರ್ಟೊ ಇದೆ. ಬೆರಳು ಚುರುಕು, ಸ್ಪರ್ಶ ಹಗುರ, ಮನಸ್ಸು ಎಚ್ಚರ. ಮೆಟ್ನರ್ ಅವರ ನುಡಿತಕ್ಕೆ ಈ ಕಾಲದವರಲ್ಲಿ ಇವರೇ ಹತ್ತಿರ. ಎಲ್ಲಿ ಓಡಬೇಕೋ ಅಲ್ಲಿ ಓಡುತ್ತಾರೆ, ಆದರೆ ಒಳಗಿನ ಎಳೆ ಕೈಬಿಡುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡರೆ ಇದರ ಮುದ್ರಣದ ಸೊಗಸು ಗೊತ್ತಾಗುತ್ತದೆ. ಪಿಯಾನೋ ಎಲ್ಲಿದೆ, ಕೊಳಲು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು. ಡೆಮಿಡೆಂಕೊ ಅವರ ಆ ತೂಕ ಇಲ್ಲಿ ಇಲ್ಲ. ಮೊದಲ ಭಾಗದ ನೀರಿನ ಆಳ ಸ್ವಲ್ಪ ಕಡಿಮೆ ಅನ್ನಿಸುತ್ತದೆ. "ಚೆನ್ನಾಗಿದೆ, ಆದರೆ ಆ ಮುದುಕರ ಹಾಗೆ ನಿಂತು ಹೇಳಲ್ಲ" ಅಂದರು ಅತ್ತೆ. ನಾನು ಅಷ್ಟು ಕಟ್ಟುನಿಟ್ಟಾಗಿ ಹೇಳಲಾರೆ. ಲಯ, ಸ್ಪಷ್ಟತೆ, ಮುದ್ರಣ ಮೂರೂ ಒಟ್ಟಿಗೆ ಬೇಕು ಅಂದರೆ ನನ್ನ ಆಯ್ಕೆ ಸುಡ್ಬಿನ್.

ಹಾಗಾದರೆ ಯಾವುದರಿಂದ ಶುರು ಮಾಡಬೇಕು? ಪಿಯಾನೋ ಸಂಗೀತವೇ ಹೊಸದು ಅನ್ನುವವರು ಸುಡ್ಬಿನ್ ಅವರಿಂದ ಶುರು ಮಾಡಿ. ಬೆಥೋವನ್, ಬ್ರಾಮ್ಸ್, ರಖ್ಮನಿನೋವ್ ಕೇಳಿ ಪಳಗಿದವರು ಡೆಮಿಡೆಂಕೊಗೆ ಹೋಗಿ. ಆ ದೊಡ್ಡ ದನಿ ನಿಮಗೆ ಒಗ್ಗುತ್ತದೆ. ಕರ್ನಾಟಕ ಸಂಗೀತದ ಕಿವಿ ಇರುವವರಿಗೆ ಮಾತ್ರ ನನ್ನ ಸಲಹೆ ಬೇರೆ. ನೇರವಾಗಿ ಮೆಟ್ನರ್ ಅವರದ್ದನ್ನೇ ಕೇಳಿ. ಹಳೆಯ ವಿದ್ವಾಂಸರ ಸವೆದ ರೆಕಾರ್ಡ್‌ಗಳನ್ನು ಸದ್ದಿನ ನಡುವೆಯೇ ಕೇಳಿ ಆನಂದಿಸುವ ಅಭ್ಯಾಸ ನಮಗೆ ಇದ್ದೇ ಇದೆ. ಆ ಸುಯ್ಯೆಂಬ ಸದ್ದು ಐದು ನಿಮಿಷದಲ್ಲಿ ಮರೆತುಹೋಗುತ್ತದೆ.

ಸ್ಟ್ರೀಮಿಂಗ್‌ನಲ್ಲಿ ಕೇಳುವವರು ಶಫಲ್ ಆಫ್ ಮಾಡಿ. ಟ್ರ್ಯಾಕ್‌ಗಳ ನಡುವೆ ಬಿಡುವು ಬರದ ಹಾಗೆ ಸೆಟ್ ಮಾಡಿಕೊಳ್ಳಿ. ಎರಡನೇ ಭಾಗ ಮೂರನೆಯದಕ್ಕೆ ನೇರವಾಗಿ ಹೊಕ್ಕುವ ಜಾಗದಲ್ಲಿ ಒಂದು ಜಾಹೀರಾತು ನುಗ್ಗಿದರೆ ಕೃತಿಯ ಬೆನ್ನು ಮುರಿದ ಹಾಗೆ.

ಕಾನ್ಸರ್ಟೊ ಹಿಡಿಸಿದವರು ಮುಂದೆ ಸೊನಾಟಾದಂಥ ಒಂಟಿ ಪಿಯಾನೋ ಕೃತಿಗಳಿಗೆ ಹೋಗಬೇಕು. 'ಸೊನಾಟಾ ರೆಮಿನಿಸೆಂಝಾ' ಒಂದೇ ಭಾಗದ್ದು, ಕಾಲು ಗಂಟೆಯೂ ಬೇಡ. ಅದರಲ್ಲಿ ಸೋವಿಯತ್ ಪಿಯಾನೋ ವಾದಕ ಎಮಿಲ್ ಗಿಲೆಲ್ಸ್ ಅವರಿಗೆ ಸರಿಸಾಟಿ ಯಾರೂ ಇಲ್ಲ ಅನ್ನೋದು ನನ್ನ ನಂಬಿಕೆ. ಮೆಟ್ನರ್ ಅವರ 14 ಸೊನಾಟಾಗಳೂ ಒಟ್ಟಿಗೆ ಬೇಕು ಅಂದರೆ ಕೆನಡಾದ ಪಿಯಾನೋ ವಾದಕ ಮಾರ್ಕ್-ಆಂದ್ರೆ ಹ್ಯಾಮ್ಲಿನ್ ಅವರ ನಾಲ್ಕು ಸಿಡಿಗಳ ಸೆಟ್ ಇದೆ, ಹೈಪೀರಿಯನ್ ಕಂಪನಿಯದೇ. ಅದರಲ್ಲಿ ಮೊದಲು ಜಿ ಮೈನರ್ ಸೊನಾಟಾ ಹಾಕಿ. ಗಿಲೆಲ್ಸ್ ಅದನ್ನೂ ನುಡಿಸಿದ್ದಾರೆ, ಹೋಲಿಸಿ ನೋಡಲು ಸಿಗುತ್ತದೆ.