ಸೋಪ್ ಉತ್ತರದ ಪದರ ಬಿಡಿಸುವ ಝೀಪ್

ಎಕ್ಸ್‌ಎಂಎಲ್ ಸಂದೇಶಗಳ ಮೂಲಕ ಪ್ರೋಗ್ರಾಮ್‌ಗಳು ಮಾತಾಡಿಕೊಳ್ಳುವ ವಿಧಾನವಾದ ಸೋಪ್‌ನ ಸೇವೆಯನ್ನು ಕರೆದಾಗ ನಮಗೆ ಬೇಕಿರುವುದು ಒಂದು ಸಂಖ್ಯೆಯೋ ದಿನಾಂಕವೋ ಆಗಿರುತ್ತದೆ. ಕೈಗೆ ಬರುವುದು ಮಾತ್ರ ಎನ್ವಲಪ್, ಅದರೊಳಗೆ ಬಾಡಿ, ಬಾಡಿಯೊಳಗೆ ಮೆಥಡ್‌ನ ಹೆಸರಿಗೆ ‘ರೆಸ್ಪಾನ್ಸ್’ ಅಂಟಿಸಿಕೊಂಡ ಎಲಿಮೆಂಟ್, ಇನ್ನೂ ಒಳಗೆ ನಿಜವಾದ ಮೌಲ್ಯ. ಇದನ್ನು ಬಹುಕಾಲ ಎಕ್ಸ್‌ಪಾತ್‌ನಿಂದಲೇ (ಎಕ್ಸ್‌ಎಂಎಲ್‌ನಲ್ಲಿ ಬೇಕಾದ ಭಾಗವನ್ನು ಹುಡುಕುವ ಭಾಷೆ) ಹೆಕ್ಕುತ್ತಿದ್ದ ನಾನು, ಪೈಥಾನ್‌ನ ಝೀಪ್ ಲೈಬ್ರರಿಗೆ ಬಂದ ಮೇಲೆ ಆ ಕೋಡ್‌ನ ಬಹುಪಾಲನ್ನು ಅಳಿಸಿದ್ದೇನೆ. (ಡಚ್ ಭಾಷೆಯಲ್ಲಿ ಝೀಪ್ ಎಂದರೂ ಸಾಬೂನೇ.)

ಝೀಪ್ ಮೊದಲು ಡಬ್ಲ್ಯೂಎಸ್‌ಡಿಎಲ್, ಅಂದರೆ ಸೇವೆ ಏನನ್ನು ಪಡೆದು ಏನನ್ನು ಕೊಡುತ್ತದೆ ಎಂಬ ವಿವರಣೆಯ ಕಡತವನ್ನು ಓದಿಕೊಳ್ಳುತ್ತದೆ. ಉತ್ತರದಲ್ಲಿ ಇರಬೇಕಾದುದು ಒಂದೇ ಎಲಿಮೆಂಟ್ ಎಂದು ಅಲ್ಲಿ ಕಂಡರೆ, ಹೊರಪದರಗಳನ್ನು ತೆಗೆದು ಮೌಲ್ಯವನ್ನಷ್ಟೇ ಕೊಡುತ್ತದೆ. ಅದೂ ಬರಿಯ ಪಠ್ಯವಾಗಿ ಅಲ್ಲ, ಡೇಟ್‌ಟೈಮ್, ಡೆಸಿಮಲ್ ಮುಂತಾದ ಪೈಥಾನ್ ಟೈಪ್‌ಗಳಲ್ಲಿಯೇ. ಸೋಪ್ 1.1ಕ್ಕೂ 1.2ಕ್ಕೂ ಎನ್ವಲಪ್‌ನ ನೇಮ್‌ಸ್ಪೇಸ್ (ಟ್ಯಾಗ್‌ನ ಹೆಸರು ಯಾವ ಗುಂಪಿಗೆ ಸೇರಿದ್ದೆಂದು ತಿಳಿಸುವ ಗುರುತು) ಬೇರೆ ಬೇರೆ ಎಂಬುದನ್ನು ನಾವು ನೆನಪಿಡಬೇಕಿಲ್ಲ. ಡೀಫಾಲ್ಟ್ ನೇಮ್‌ಸ್ಪೇಸ್ ಮರೆತು ಬರೆದ ಎಕ್ಸ್‌ಪಾತ್, ದೋಷವನ್ನೂ ಹೇಳದೆ ಖಾಲಿ ಪಟ್ಟಿ ಕೊಟ್ಟು ಸುಮ್ಮನಾಗುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಸರ್ವರ್ ಫಾಲ್ಟ್ (ದೋಷದ ಸಂದೇಶ) ಕಳಿಸಿದರೆ ಅದು ಎಕ್ಸೆಪ್ಶನ್ ಆಗಿ ಏಳುತ್ತದೆ.

ಆದರೆ ಡಬ್ಲ್ಯೂಎಸ್‌ಡಿಎಲ್ ಎಷ್ಟು ಹೇಳುತ್ತದೋ ಝೀಪ್‌ಗೆ ಅಷ್ಟೇ ಗೊತ್ತು. ನಾನು ಬಳಸುವ ಒಂದು ಸೇವೆ ತಾನು ಹಿಂತಿರುಗಿಸುವುದು ಸ್ಟ್ರಿಂಗ್ ಎಂದು ಘೋಷಿಸುತ್ತದೆ; ಆ ಸ್ಟ್ರಿಂಗ್‌ನ ಹೊಟ್ಟೆಯಲ್ಲಿ, ಟ್ಯಾಗ್‌ಗಳ ಚಿಹ್ನೆಗಳೆಲ್ಲ ಎಸ್ಕೇಪ್ ಆಗಿ, ಇಡೀ ಎಕ್ಸ್‌ಎಂಎಲ್ ಕಡತವೇ ಕುಳಿತಿರುತ್ತದೆ. ಝೀಪ್ ಅದನ್ನು ನಿಷ್ಠೆಯಿಂದ ಸ್ಟ್ರಿಂಗ್ ಆಗಿಯೇ ಕೊಟ್ಟಿತು. ನಾನು ಅದನ್ನು ಹಾಗೆಯೇ ಎಕ್ಸ್‌ಎಂಎಲ್ ಓದುವ ಎಲ್‌ಎಕ್ಸ್‌ಎಂಎಲ್ ಲೈಬ್ರರಿಗೆ ಒಪ್ಪಿಸಿದಾಗ, ಎನ್‌ಕೋಡಿಂಗ್ ಘೋಷಣೆಯುಳ್ಳ ಯೂನಿಕೋಡ್ ಸ್ಟ್ರಿಂಗ್ ನಡೆಯದೆಂದು ವ್ಯಾಲ್ಯೂಎರರ್ ಬಂದಿತು. ಮೊದಲ ಸಾಲು ಘೋಷಿಸಿದ್ದ ಎನ್‌ಕೋಡಿಂಗ್‌ನಲ್ಲೇ ಬೈಟ್‌ಗಳಾಗಿ ಪರಿವರ್ತಿಸಿ ಕೊಟ್ಟ ಮೇಲೆ ಕೆಲಸ ನಡೆಯಿತು; ಅಷ್ಟರಲ್ಲಿ ಒಂದು ಮಧ್ಯಾಹ್ನ ಕಳೆದಿತ್ತು. ಇದು ಝೀಪ್‌ನ ತಪ್ಪೇನೂ ಅಲ್ಲ.

ಝೀಪ್‌ನದೇ ಆದ ಕೊರತೆಗಳೂ ಇವೆ. ಸ್ಕೀಮಾದಲ್ಲಿ (ಡೇಟಾದ ರಚನೆಯ ವಿವರಣೆ) ‘ಎನಿ’, ಅಂದರೆ ಯಾವ ಎಲಿಮೆಂಟ್ ಬೇಕಾದರೂ ಇರಬಹುದು ಎಂದಿರುವ ಕಡೆ ಮೌಲ್ಯವು ‘ಅಂಡರ್‌ಸ್ಕೋರ್ ವ್ಯಾಲ್ಯೂ ಅಂಡರ್‌ಸ್ಕೋರ್ ಒಂದು’ ಎಂಬ ಅಡ್ಡಹೆಸರಿನಲ್ಲಿ ಅಡಗಿರುತ್ತದೆ. ಹೊಸಬರಿಗೆ ಅದು ಸಿಗುವುದು ಇಡೀ ಉತ್ತರವನ್ನು ಪ್ರಿಂಟ್ ಮಾಡಿ ನೋಡಿದಾಗಲೇ. ಕಾಂಪ್ಲೆಕ್ಸ್ ಟೈಪ್‌ನ (ಹಲವು ಭಾಗಗಳುಳ್ಳ) ಉತ್ತರ ನೇರವಾಗಿ ಜೇಸನ್ ಆಗುವುದಿಲ್ಲ. ‘ಸೀರಿಯಲೈಸ್ ಆಬ್ಜೆಕ್ಟ್’ ಎಂಬ ಸಹಾಯಕ ಫಂಕ್ಷನ್ ಅದನ್ನು ಡಿಕ್ಷನರಿಯಾಗಿಸಿದರೂ ಒಳಗಿನ ಡೆಸಿಮಲ್ ಮತ್ತು ದಿನಾಂಕಗಳನ್ನು ನಾವೇ ಪರಿವರ್ತಿಸಬೇಕು.

ಉತ್ತರದ ಬಗ್ಗೆ ಅನುಮಾನ ಬಂದಾಗ ನಾನು, ಕಳಿಸಿದ್ದನ್ನೂ ಬಂದದ್ದನ್ನೂ ನೆನಪಿಡುವ ಝೀಪ್‌ನ ಹಿಸ್ಟರಿ ಪ್ಲಗಿನ್‌ನಲ್ಲಿ ಕೊನೆಯದಾಗಿ ಬಂದ ಎಕ್ಸ್‌ಎಂಎಲ್ ತೆರೆದು ನೋಡುತ್ತೇನೆ. ಡಬ್ಲ್ಯೂಎಸ್‌ಡಿಎಲ್ ಸಿಗದ ಸೇವೆಗಳಿಗೆ ಮಾತ್ರ ಈಗಲೂ ಎಕ್ಸ್‌ಪಾತ್‌ನ್ನೇ ಬರೆಯುತ್ತೇನೆ.